ಅಮಾವಾಸ್ಯೆಯ ಮರುದಿನದ ಹಳದಿ ದೀಪ

ಎಂಜಿನ್ ಮೇಲೆ ನೀರು ಸುರಿದವಳು ನಾನು. ಸುರಿದಿಲ್ಲ ಎಂದು ಹೇಳಿದವಳೂ ನಾನೇ. ಏಳು ವರ್ಷ ಈ ಮಾತು ಬಾಯಿಗೆ ಬಂದು ಬಂದು ಒಳಗೇ ಹೋಗಿದೆ — ಇನ್ನು ಸಾಕು.

ಹಿಂದವಾಡಿಯ ನಮ್ಮ ಮನೆಯ ಮುಂದೆ ಯಜಮಾನರು ಬಿಟ್ಟುಹೋದ ಹಳೆಯ ಕಾರಿದೆ. ಅವರಿದ್ದಾಗ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುತ್ತಿದ್ದರು. ಅವರ ನಂತರ ನಾನು ಮಾಡತೊಡಗಿದೆ. ಮಾಡಿದ್ದು ಅವರಿಗಿಂತ ಒಂದು ಕೈ ಹೆಚ್ಚೇ — ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪು ಹಿಡಿದು ನೀರು ಬಿಡುತ್ತಿದ್ದೆ. ಆಮೇಲೆ ಎಂಜಿನ್ನಿಗೂ ವಿಭೂತಿ, ಕುಂಕುಮ. ಹಿಂದಿನ ತಿಂಗಳ ಕುಂಕುಮ ನೀರಿನೊಡನೆ ಎತ್ತ ಹರಿಯಿತೆಂದು ಯಾರು ನೋಡುತ್ತಾರೆ?

ಮರುದಿನ ತಂಗಿಯನ್ನು ನೋಡಲು ಖಾನಾಪುರಕ್ಕೆ ಹೊರಟರೆ ಗಾಡಿ ಮುಗ್ಗರಿಸುತ್ತಿತ್ತು. ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತಿತ್ತು. ದಾರಿಯಲ್ಲೇ ಇರುವ ಮಚ್ಛೆಯ ಮೆಕ್ಯಾನಿಕ್ ಯಲ್ಲಪ್ಪ ಸ್ಕ್ಯಾನರ್ ಹಚ್ಚಿ ನೋಡಿ, ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದ. ಪ್ಲಗ್ ಬದಲಿಸಿದ. ಮುಂದಿನ ತಿಂಗಳು ಮತ್ತೆ ದೀಪ.

ಎಂಥ ತಾಳ್ಮೆ ಆ ಮನುಷ್ಯನದು! ಬೇರೆಯವರಾಗಿದ್ದರೆ ಸಿಕ್ಕಿದ್ದನ್ನೆಲ್ಲ ಬದಲಿಸಿಬಿಡುತ್ತಿದ್ದರು. ಯಲ್ಲಪ್ಪ ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿದ. ಕಾಯಿಲ್ ಕೆಟ್ಟಿದ್ದರೆ ದೋಷವೂ ಅದರ ಹಿಂದೆ ಹೋಗಬೇಕು. ಹೋಗಲಿಲ್ಲ.

“ಹಂಗಾರ ಕಾಯಿಲ್ ಖರೇನ ಛಲೋ ಐತ್ರಿ ಅಕ್ಕೋರ. ಛಲೋ ಇದ್ದದ್ದನ್ನ ಯಾಕ ಬದಲಿ ಮಾಡೂದು?” ಎಂದ. ನಾನು ಶಾಲೆಯಲ್ಲಿ ಕಲಿಸಿದವಳು. ಊರೆಲ್ಲ ನನ್ನನ್ನು ಕರೆಯುವುದೇ ಅಕ್ಕೋರು ಎಂದು.

ತನ್ನ ರಜೆಯ ದಿನ ನನ್ನ ಪಕ್ಕ ಕುಳಿತು ಖಾನಾಪುರದವರೆಗೂ ಬಂದ, ಎಂಜಿನ್ನಿನ ಸದ್ದು ಕೇಳಲೆಂದೇ. ದಾರಿಯಲ್ಲಿ ಮೆಲ್ಲಗೆ ಕೇಳಿದ: “ಅಕ್ಕೋರ, ಎಂಜಿನ್ ಮ್ಯಾಲ ನೀರು ಬಿಟ್ಟೀರೇನ್ರಿ?”

ಬಿಡಬೇಡಿ ಎಂದು ಅವನು ಹಿಂದೊಮ್ಮೆ ಹೇಳಿದ್ದ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನನಗೆ ನನ್ನ ತಪ್ಪು ತೋರಿಸಿದರೆ ಮೈ ಉರಿಯುತ್ತದೆ.

“ಇಲ್ಲಪ. ನನಗೇನ್ ಹುಚ್ಚ ಹಿಡದೈತಿ?”

ಅವನು ನಂಬಿದ. ಇಲ್ಲವೇ ನಂಬಿದಂತೆ — ಗೊತ್ತಿಲ್ಲ.

ಮೂರನೇ ತಿಂಗಳೂ ದೀಪ ಹತ್ತಿದಾಗ ಸಿಟ್ಟು ನೆತ್ತಿಗೇರಿತು. ಗ್ಯಾರೇಜಿಗೆ ಹೋದರೆ ಅಲ್ಲಿ ನಾನು ಕೆಲಸ ಮಾಡಿದ ಶಾಲೆಯ ವ್ಯವಸ್ಥಾಪಕರು ನಿಂತಿದ್ದರು. ಶಾಲೆಯ ವ್ಯಾನುಗಳ ರಿಪೇರಿ ಯಲ್ಲಪ್ಪನಿಗೇ ವಹಿಸುವ ಮಾತು ನಡೆದಿತ್ತು. ಅದನ್ನು ನಂಬಿ ಅವನು ಶೆಡ್ಡಿನ ಪಕ್ಕದ ಜಾಗ ಬಾಡಿಗೆಗೆ ಹಿಡಿಯುವವನಿದ್ದ. ಅದೂ ನನಗೆ ಗೊತ್ತಿತ್ತು. ಆದರೂ ಅವರ ಮುಂದೆಯೇ ಅಂದೆ:

“ನೋಡ್ರಿ, ಮೂರು ಸಲ ಆತು! ಇವಗ ಒಂದು ದೀಪ ಆರಸಾಕ ಬರೂದಿಲ್ಲ. ಇವನ ಕೈಯಾಗ ಹುಡುಗರ ವ್ಯಾನ್ ಕೊಡ್ತೀರೇನು?”

ಯಲ್ಲಪ್ಪ ಬಾನೆಟ್ ತೆರೆದ. ಕಾಯಿಲ್ ಎತ್ತಿ, ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ, ಪ್ಲಗ್ ಕೂರುವ ಕುಳಿಯೊಳಗೆ ಇಳಿಸಿದ. ಬಟ್ಟೆ ಒದ್ದೆಯಾಗಿ ಮೇಲೆ ಬಂತು. ಕೆಂಪಗೆ. ನನ್ನ ಕುಂಕುಮ.

ಅವನು ಒಮ್ಮೆ ನನ್ನ ಮುಖ ನೋಡಿದ. ಬಟ್ಟೆ ಬಿಡಿಸಿ ವ್ಯವಸ್ಥಾಪಕರಿಗೆ ತೋರಿಸಿದ್ದರೆ ಸಾಕಿತ್ತು — ಅವನ ಹೆಸರು ಉಳಿಯುತ್ತಿತ್ತು. ಅವನು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡ.

“ತಪ್ಪು ನಂದೈತ್ರಿ ಅಕ್ಕೋರ. ಒಳಗಿನ ರಬ್ಬರ್ ಸವದೈತಿ, ನಾ ಮೊದಲ ನೋಡಬೇಕಾಗಿತ್ತು.”

ನಾನು ಬಾಯಿ ಬಿಡಲಿಲ್ಲ. ವ್ಯವಸ್ಥಾಪಕರು “ವಿಚಾರ ಮಾಡಿ ಹೇಳ್ತೀವ್ರಿ” ಎಂದು ಹೋದರು. ವ್ಯಾನುಗಳು ಬರಲೇ ಇಲ್ಲ. ಪಕ್ಕದ ಜಾಗವನ್ನು ಬೇರೆ ಯಾರೋ ಹಿಡಿದರು. ಯಲ್ಲಪ್ಪ ಮಾತ್ರ ಹೊಸ ರಬ್ಬರ್ ಹಾಕಿ, ನೀರು ಬಿದ್ದರೂ ಒಳಗಿಳಿಯದಂತೆ ಮಾಡಿಕೊಟ್ಟ. ಆ ದೀಪ ಮತ್ತೆ ಹತ್ತಿಲ್ಲ. ಕೈಕೆಲಸ ಅಂದರೆ ಅವನದು. ಮನಸ್ಸು? ಅದು ಕೈಗಿಂತ ದೊಡ್ಡದು.

ಮೊನ್ನೆ ಆಯಿಲ್ ಬದಲಿಸಲು ಹೋಗಿದ್ದೆ. ಹೊಸ ಗಿರಾಕಿಯೊಬ್ಬರಿಗೆ ಅವನು ನನ್ನ ಕಾರು ತೋರಿಸಿ ಹೇಳುತ್ತಿದ್ದ: “ಅಕ್ಕೋರ ಗಾಡಿ ನೋಡ್ರಿ, ಎಷ್ಟ ಛಲೋ ಇಟ್ಟಾರ.” ನಾಚಿಕೆಯಿಂದ ಸತ್ತಂತಾಯಿತು. ಯಜಮಾನರ ನೆನಪು, ಪೂಜೆಯ ನೇಮ — ಇವನ್ನೆಲ್ಲ ಅಡ್ಡ ಹಿಡಿಯಬಹುದು. ಹಿಡಿಯುವುದಿಲ್ಲ. ಸುಳ್ಳು ಹೇಳಿದ್ದು ಪೂಜೆಯಲ್ಲ, ನಾನು.

ನಾಳೆ ಅಮಾವಾಸ್ಯೆ. ಯಲ್ಲಪ್ಪನ ಶೆಡ್ಡಿನಲ್ಲಿ ಪೂಜೆಗೆ ಗಿರಾಕಿಗಳೆಲ್ಲ ಸೇರುತ್ತಾರೆ. ಇವತ್ತು ಬೆಳಿಗ್ಗೆ ವ್ಯವಸ್ಥಾಪಕರಿಗೆ ಫೋನ್ ಮಾಡಿ, ನಾಳೆ ನನ್ನ ಜೊತೆ ಮಚ್ಛೆಗೆ ಬರಲೇಬೇಕು ಎಂದೆ.

“ಯಾಕ್ರಿ ಅಕ್ಕೋರ, ಗಾಡಿಗೆ ಮತ್ತೇನಾತು?”

“ಗಾಡಿಗೆ ಏನೂ ಆಗಿಲ್ರಿ. ಕೆಟ್ಟಾಕಿ ನಾನು. ಎಲ್ಲಾರ ಮುಂದ ಅದನ್ನ ಹೇಳಬೇಕಾಗೈತಿ, ನೀವೂ ಕೇಳಬೇಕು.”