ಐದೂಕಾಲು ಜಿಬಿಯ ಕಳ್ಳತನ

ಈ ಜನ್ಮದಲ್ಲಿ ನಾನು ಒಬ್ಬನೇ ಒಬ್ಬ ಮನುಷ್ಯನ ಮೇಲೆ ಕಳ್ಳತನ ಹೊರಿಸಿದ್ದೇನೆ. ಕಳವಾದದ್ದು ಜಾಗ. ಸೈಟಲ್ಲ, ಹೊಲದ ಬದುವಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗಿನ ಜಾಗ. ಅಂಥದ್ದನ್ನು ಕದಿಯುವುದು ಹೇಗೆ, ಕದ್ದದ್ದನ್ನು ಒಯ್ಯುವುದು ಯಾವುದರಲ್ಲಿ, ಒಯ್ದು ಬಚ್ಚಿಡುವುದೆಲ್ಲಿ ಎಂಬ ಪ್ರಶ್ನೆಗಳು ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದ ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ. ಮಕ್ಕಳಿಗೆ ಮಾತ್ರ ದಿನಾ ಹೇಳುತ್ತಿದ್ದೆ, ಉತ್ತರ ಬರೆಯುವ ಮೊದಲು ಪ್ರಶ್ನೆ ಎರಡು ಸಲ ಓದಿ ಅಂತ.

ಚನ್ನರಾಯಪಟ್ಟಣದ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಹಾಸನದಿಂದ. ಅಲ್ಲಿ ಬಾಗಿಲು ಹಾಕಿದ ಒಂದು ಟೈಪಿಂಗ್ ಶಾಲೆಯ ಹಳೇ ಮಾಲು ಅದು. ಅದರ ಹಾರ್ಡ್ ಡಿಸ್ಕ್ ನಾಲ್ಕೇ ಜಿಬಿ. ನನ್ನ ಪ್ರಶ್ನೆಪತ್ರಿಕೆಗಳೂ ಯಾವ ಪತ್ರಿಕೆಯೂ ಅಚ್ಚು ಹಾಕದ ನನ್ನ ಲೇಖನಗಳೂ ಸೇರಿ ಒಂದೇ ವರ್ಷದಲ್ಲಿ ಅದಕ್ಕೆ ಅಜೀರ್ಣವಾಯಿತು. ಸರಿ, ನಲವತ್ತು ಜಿಬಿಯ ಹೊಸ ಡಿಸ್ಕ್ ತರಿಸಿ, ಹಾಕಿಕೊಡಲು ರಂಗಣ್ಣನಿಗೆ ಹೇಳಿದೆ. ರಂಗಣ್ಣ ಹಿರೀಸಾವೆ ಕಡೆಯವನು, ನನ್ನದೇ ವಯಸ್ಸು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟಿವಿ, ಈಗ ಕಂಪ್ಯೂಟರ್. ಆತ ನಮ್ಮ ಮನೆಗೆ ಹೊಸಬನೇನಲ್ಲ. ಹಿಂದೊಮ್ಮೆ ಅಮ್ಮ ಮಾನಿಟರಿಗೆ ಕುಂಕುಮವಿಟ್ಟು ಆರತಿ ಎತ್ತಲು ಹೊರಟಾಗ, "ಇದೇನು ಗಡಿಗೇನಮ್ಮಾ? ಒಳಗೆ ಎಣ್ಣೆ ಬಿದ್ದರೆ ಗತಿಯೇನು?" ಎಂದು ನಾನು ರೇಗಿದ್ದು ಅವನ ಎದುರಿಗೇ.

ನಾನು ಸ್ಕೂಲಿನಲ್ಲಿದ್ದಾಗ ರಂಗಣ್ಣ ಬಂದು ಡಿಸ್ಕ್ ಹಾಕಿ ಹೋದ. ಸಂಜೆ ನಾನು ಕೂತೆ. ಗಣಿತದ ಮೇಷ್ಟ್ರಿಗೆ ಒಂದು ರೋಗವಿರುತ್ತದೆ, ಅಂಕಿ ಕಂಡರೆ ಕೂಡುವುದು. ಪರದೆಯ ಮೇಲೆ ಸಿ ಅಂತ ಒಂದು ಭಾಗ, ಡಿ ಅಂತ ಇನ್ನೊಂದು. ಸಿ ಹತ್ತು, ಡಿ ಇಪ್ಪತ್ತೆರಡು. ಒಟ್ಟು ಮೂವತ್ತೆರಡು. ಕೊಂಡದ್ದು ನಲವತ್ತು. ಹಾಗಾದರೆ ಮಿಕ್ಕ ಎಂಟು ಎಲ್ಲಿ?

ಕಂಪ್ಯೂಟರ್ ಆರಿಸಿ ಹತ್ತಿಸಿದೆ. ಕಸದ ಬುಟ್ಟಿ ಖಾಲಿ ಮಾಡಿದೆ. ಡಬ್ಬದ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಒಂದು ಹಿಡಿ ಧೂಳು, ಒಂದು ಒಣಗಿದ ಹಲ್ಲಿ. ಎಂಟು ಜಿಬಿ ಕಾಣಲಿಲ್ಲ. ಕಂಡರೆ ಹೇಗಿರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲವೆನ್ನಿ.

ರಂಗಣ್ಣನನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮರ್ಯಾದಸ್ಥ. ಮರ್ಯಾದಸ್ಥರಾದ ನಾವು ಯಾರ ಮೇಲೆ ಅನುಮಾನವೋ ಅವನೊಬ್ಬನನ್ನು ಬಿಟ್ಟು ಊರಿನವರೆಲ್ಲರ ಹತ್ತಿರ ಮಾತಾಡುತ್ತೇವೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಹೇಳಿದೆ. ಕೊನೆಗೆ ಹೆಡ್ ಮಾಸ್ಟರ ಹತ್ತಿರವೂ ಹೇಳಿದೆ. ಪೆಟ್ಟು ಬಿದ್ದದ್ದು ಅಲ್ಲಿ. ನಮ್ಮ ಸ್ಕೂಲಿಗೆ ಆಗಷ್ಟೇ ಐದು ಕಂಪ್ಯೂಟರ್ ಬಂದಿದ್ದವು. ಅವುಗಳ ಉಸ್ತುವಾರಿ ರಂಗಣ್ಣನಿಗೇ ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ರೇಡಿಯೋ, ಟಿವಿ ರಿಪೇರಿ ಎರಡೂ ನಿಂತುಹೋಗಿದ್ದ ಅವನು ಅದನ್ನೇ ನಂಬಿಕೊಂಡಿದ್ದ. "ಸ್ವಲ್ಪ ಯೋಚನೆ ಮಾಡಿ ಸಾರ್" ಅಂದೆ. ಅಷ್ಟೇ ಅಂದದ್ದು. ಹೆಡ್ ಮಾಸ್ಟರು ಯೋಚನೆ ಮಾಡುತ್ತಾ ಕೂತರು.

ಇತ್ತ ಹೋಟೆಲಿನಲ್ಲಿ ನನ್ನ ಎಂಟು ಜಿಬಿ ಬೆಳೆಯತೊಡಗಿತು. ರಂಗಣ್ಣ ಡಿಸ್ಕಿನ ತಿರುಳು ತೆಗೆದು ಬೆಂಗಳೂರಿಗೆ ಕಳಿಸುತ್ತಾನಂತೆ ಎಂದು ಒಬ್ಬರು ನನಗೇ ಗುಟ್ಟಾಗಿ ಹೇಳಿದರು. ಇನ್ನೊಬ್ಬರು ಹಳೇ ಗಾಯ ಕೆರೆದುಕೊಂಡರು: "ಅವ್ನು ನಮ್ ರೇಡಿಯೋ ರಿಪೇರಿ ಮಾಡ್ದಾಗ್ಲಿಂದ ವಾರ್ತೆ ಐದ್ ನಿಮ್ಸ ಕಮ್ಮಿ ಬತ್ತಿತ್ತು ಕಣ್ಲಾ! ಈಗ್ ಗೊತ್ತಾಯ್ತು." ಕೂತವರೆಲ್ಲ ತಲೆಯಾಡಿಸಿದರು. ಹೇಳಲು ನಾಚಿಕೆ, ನಾನೂ ಆಡಿಸಿದೆ.

ಸಾಕ್ಷಿ ಬೇಕಲ್ಲ? ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ಡಬ್ಬವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಸನಕ್ಕೆ ಹೊರಟೆ. ಕಂಡಕ್ಟರ್ ಬಂದು ತಟ್ಟಿ ನೋಡಿದ.

"ಏನ್ಸಾ ಇದು?"

"ಕಂಪ್ಯೂಟರು."

"ಖಾಲಿನೋ ತುಂಬೈತೋ?"

"ಅದನ್ನ ತಿಳಿಯೋಕೇ ಹೋಗ್ತಾ ಇರೋದು."

ಶಾಂತಿಗ್ರಾಮದಲ್ಲಿ ಖಾಲಿ ಹಾಲಿನ ಕ್ಯಾನ್ ಹಿಡಿದು ಹತ್ತಿದವರೊಬ್ಬರು ಪಕ್ಕದಲ್ಲೇ ಕೂತು ಕಥೆಯನ್ನೆಲ್ಲ ಕೇಳಿದರು. "ಡೈರಿಗ್ ತಗಂಡೋಗಿ ಸಾ. ಒಳೀಕೆ ಮೀಟ್ರು ಬುಟ್ರೆ ಎಷ್ಟ್ ಆಲು ಎಷ್ಟ್ ನೀರು ಅಂತ ಗೊತ್ತಾಯ್ತದೆ" ಎಂದರು. ಆ ಹೊತ್ತಿಗೆ ನನಗೆ ಅದು ಒಳ್ಳೆಯ ಸಲಹೆಯಂತೆಯೇ ಕೇಳಿಸಿತು.

ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವಳು ಶೈಲಜ, ನನ್ನ ಹಳೇ ವಿದ್ಯಾರ್ಥಿನಿ. "ಹಳೇ ಮೆಷಿನ್ ಅಲ್ವಾ ಸಾರ್, ಕೆಲವಕ್ಕೆ ಮೂವತ್ತೆರಡರಿಂದ ಮುಂದಕ್ಕೆ ಎಣಿಸೋಕೇ ಬರಲ್ಲ" ಎಂದಳು. ನನ್ನ ಕ್ಲಾಸಿನ ಹಿಂದಿನ ಬೆಂಚು ನೆನಪಾಗಿ, ಪಾಪ ಅನ್ನಿಸಿತು. ಆದರೆ ಹತ್ತಿಸಿ ನೋಡಿದರೆ ಮೆಷಿನ್ ಜಾಣ, ಡಿಸ್ಕನ್ನು ಪೂರ್ತಿ ಗುರುತಿಸಿತು. ಆಗ ಶೈಲಜ ಇನ್ನೊಂದು ಹೇಳಿದಳು. ಡಿಸ್ಕ್ ಮಾಡುವ ಕಂಪನಿಗೆ ಸಾವಿರ ಅಂದರೆ ಸಾವಿರವೇ. ಕಂಪ್ಯೂಟರಿಗೆ ಸಾವಿರ ಅಂದರೆ ಸಾವಿರದ ಇಪ್ಪತ್ತನಾಲ್ಕು. ಹೀಗೆ ಹೆಜ್ಜೆಹೆಜ್ಜೆಗೂ ಕಳೆದು, ಕಂಪನಿಯ ನಲವತ್ತು ಕಂಪ್ಯೂಟರಿನ ಬಾಯಲ್ಲಿ ಮೂವತ್ತೇಳೂಕಾಲು.

ಆಹಾ, ಕೊಸರು! ಸಂತೆಯಲ್ಲಿ ರಾಗಿ ಅಳೆಯುವವನು ಸೇರು ತುಂಬಿ ಸುರಿದ ಮೇಲೆ ಕೈಯಲ್ಲೊಂದಿಷ್ಟು ಬಾಚಿ ಮೇಲೆ ಹಾಕುತ್ತಾನಲ್ಲ, ಅದು. ಹಾಕದಿದ್ದರೆ ನಮ್ಮ ಹೆಂಗಸರು ಚೀಲದ ಬಾಯಿ ಮುಚ್ಚುವುದೇ ಇಲ್ಲ. ಕಂಪ್ಯೂಟರು ನಮ್ಮ ಕಡೆಯದು, ಸಾವಿರಕ್ಕೆ ಇಪ್ಪತ್ತನಾಲ್ಕು ಕೊಸರು ಕೇಳುತ್ತದೆ. ಕಂಪನಿಯವನು ಜಿಪುಣ, ಸೇರಿನ ಬಾಯಿಗೆ ಪಟ್ಟಿ ಎಳೆದು ಸಮ ಮಾಡಿ ಅಳೆಯುತ್ತಾನೆ. ಇಷ್ಟು ಅರ್ಥವಾದದ್ದೇ ಎಂಟರಲ್ಲಿ ಎರಡೂಮುಕ್ಕಾಲಿನ ಲೆಕ್ಕ ಸಿಕ್ಕಿತು. ಇನ್ನು ಐದೂಕಾಲು?

ಶೈಲಜ ಇನ್ನೊಂದು ಕಿಟಕಿ ತೆರೆದು, ಡಿಸ್ಕಿನ ತುದಿಯಲ್ಲಿ ಒಂದು ಕಪ್ಪು ಪಟ್ಟಿ ತೋರಿಸಿದಳು. "ಇಲ್ಲೇ ಇದೆಯಲ್ಲ ಸಾರ್. ಯಾರೋ ಬೇಕು ಅಂತಲೇ ಸಿ, ಡಿ ಯಾವುದಕ್ಕೂ ಹಂಚದೆ ಬಿಟ್ಟಿದ್ದಾರೆ. ಸೇರಿಸಿಕೊಡ್ಲಾ?"

"ಮುಟ್ಟಬೇಡ, ಸಾಕ್ಷಿ!" ಎಂದೆ.

ವಾಪಸು ಬಂದವನು ಬಸ್ಸಿಳಿದು ನೇರ ರಂಗಣ್ಣನ ಅಂಗಡಿಗೆ ಹೋದೆ. ಡಬ್ಬವನ್ನು ಅವನ ಮೇಜಿನ ಮೇಲೆ ಕುಕ್ಕಿ, "ಐದೂಕಾಲು ಜಿಬಿ ಯಾಕೆ ಬಿಟ್ಟೆ ರಂಗಣ್ಣ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ, ದುಪ್ಪಟಿ ನೋಡಿದ. "ನಂದೇ ತೆಪ್ಪು ಸಾ. ಮರ್ತ್ಬುಟ್ಟೆ. ಕೊಡಿ, ಈಗ್ಲೇ ಸೇರುಸ್ಕೊಡ್ತೀನಿ" ಎಂದ.

"ಬೇಡ. ಹೆಡ್ ಮಾಸ್ಟರೂ ಒಂದು ಸಲ ನೋಡಲಿ" ಎಂದು ಡಬ್ಬ ಎತ್ತಿಕೊಂಡು ಗೆದ್ದವನ ಹಾಗೆ ಮನೆಗೆ ಬಂದೆ.

ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಳ್ಳ ಸಿಕ್ಕಿದ, ಮಾಲೂ ಸಿಕ್ಕಿತು, ಐದೂಕಾಲು ಜಿಬಿ ಖಾಲಿ ಬಿಟ್ಟಿದ್ದಾನೆ ಎಂದು ವರದಿ ಒಪ್ಪಿಸಿದೆ. ಅಮ್ಮನ ಕೈ ನಿಂತಿತು.

"ಅಯ್ಯೋ, ಅದು ಮೀಸಲು ಕಣೋ! ಹೊಸ ಪಾತ್ರೆ ಮನೆಗೆ ಬಂದರೆ ಮೊದಲು ದೇವರಿಗೆ ಅಂತ ಒಂದು ಹಿಡಿ ತೆಗೆದಿಡಲ್ವೇನೋ? ನೀನು ಇರಲಿಲ್ಲ. ಪೂರ್ತಿ ತುಂಬಿಬಿಡಬೇಡಪ್ಪಾ, ದೇವರಿಗೆ ಒಂದೈದು ಬಿಡು ಅಂತ ರಂಗಣ್ಣನಿಗೆ ನಾನೇ ಹೇಳಿದೆ."

"ಎಂಟು ದಿವಸದಿಂದ ತಲೆ ಕೆಟ್ಟು ಹುಡುಕ್ತಾ ಇದ್ದೀನಿ, ಹೇಳಬಾರದಾ?"

"ನೀನು ಕಳೆದದ್ದನ್ನ ಹುಡುಕ್ತಿದ್ದೆ. ಇದು ಇಟ್ಟದ್ದು."

ಚಪ್ಪಲಿ ಮೆಟ್ಟಿಕೊಂಡು ಮತ್ತೆ ರಂಗಣ್ಣನ ಅಂಗಡಿಗೆ ಹೋದೆ.

"ಅಮ್ಮ ಹೇಳಿದ್ದು ಅಂತ ಯಾಕೆ ಹೇಳಲಿಲ್ಲ? ಊರೆಲ್ಲ ನಾನು ಏನು ಹೇಳಿಕೊಂಡು ತಿರುಗಿದೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾ. ಓಟ್ಲಾಗೆ ನನ್ ಬೆನ್ನಿಂದೇನೇ ಕೂತು ಮಾತಾಡ್ತಿದ್ರು." ಅವನು ಬೆಸುಗೆ ಹಾಕುವ ಕಡ್ಡಿಯನ್ನು ಒರೆಸುತ್ತಲೇ ಇದ್ದ. "ಅವತ್ತು ಆರತಿಗೇ ಅಮ್ಮಾವ್ರ ಮ್ಯಾಲೆ ಅಂಗ್ ರೇಗಿದ್ರಿ. ಇದ್ನೂ ಏಳುದ್ರೆ ಇನ್ನೆಂಗ್ ರೇಗ್ತೀರೋ ಅಂತ ಸುಮ್ಕಾದೆ. ವಯ್ಸಾದೋರು ಅಲ್ವಾ ಸಾ. ಮೀಸ್ಲು ಅಂದ್ರು, ನಮ್ ಕಣದಾಗೂ ಬುಡ್ತೀವಿ, ಬುಟ್ಟೆ."

ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ, ನಾಚಿಕೆಯೇ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ, "ಅಮ್ಮ ಹೇಳಿದ್ದು ಐದು. ಆ ಕಾಲು ಯಾಕೆ?"

ರಂಗಣ್ಣ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ದೇವ್ರಿಗೆ ಅಳೆಯೋವಾಗ ಕೊಸ್ರು ಆಕ್ದಿದ್ರೆ ಆಯ್ತದಾ ಸಾ?"

ಸೋಮವಾರ ಹೆಡ್ ಮಾಸ್ಟರ ಮುಂದೆ ನಿಂತು, "ಐದೂಕಾಲು ದೇವರ ಹತ್ತಿರ ಇದೆ ಸಾರ್, ಎರಡೂಮುಕ್ಕಾಲು ಮೊದಲಿಂದಲೂ ಇರಲೇ ಇಲ್ಲ, ರಂಗಣ್ಣ ಚಿನ್ನದಂಥ ಮನುಷ್ಯ" ಎಂದೆ. ಅವರು ಎರಡು ದಿನ ರಜೆ ಬೇಕಾ ಎಂದು ಕೇಳಿದರು. ಕೆಲಸವಂತೂ ರಂಗಣ್ಣನಿಗೇ ಸಿಕ್ಕಿತು. ಹೋಟೆಲಿನಲ್ಲಿ ಮಾತ್ರ ನನ್ನ ತಿದ್ದುಪಡಿಯನ್ನು ಯಾರೂ ಸ್ವೀಕರಿಸಲಿಲ್ಲ. ವಾರ್ತೆಯ ಐದು ನಿಮಿಷದ ಉತ್ತರ ಮೊದಲು ಕೊಡಿ ಎಂದರು. ಅದಕ್ಕಾಗಿ ಒಂದು ತಿಂಗಳು ದಿನಾ ಸಂಜೆ ರಂಗಣ್ಣನನ್ನು ಕರೆದುಕೊಂಡು ಹೋಗಿ, ಎಲ್ಲರಿಗೂ ಕಾಣುವ ಮೇಜಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿದೆ.

ಕೆಲವು ವರ್ಷಗಳಲ್ಲಿ ಆ ಡಿಸ್ಕೂ ತುಂಬಿತು. ಜಾಗ ಸಾಲದು, ಏನಾದರೂ ತೆಗೆ ಎಂದು ಕಂಪ್ಯೂಟರ್ ದಿನಾ ಗೋಗರೆಯಿತು. ಆ ಕಪ್ಪು ಪಟ್ಟಿಯನ್ನು ಸೇರಿಸಿಕೊಳ್ಳುವುದು ಹೇಗೆಂದು ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ಆದರೂ ನನ್ನ ಲೇಖನಗಳನ್ನೇ ಒಂದೊಂದಾಗಿ ಅಳಿಸಿದೆ. ಇವತ್ತಿನವರೆಗೂ ಯಾವ ಓದುಗರೂ ದೂರು ಕೊಟ್ಟಿಲ್ಲ. ಆ ಐದೂಕಾಲನ್ನು ಮುಟ್ಟಲಿಲ್ಲ. ಅಮ್ಮ ಅದನ್ನು ದೇವರಿಗೆ ಅಂತ ಬಿಟ್ಟಿದ್ದಳು, ನಾನು ರಂಗಣ್ಣನಿಗೆ ಅಂತ ಬಿಟ್ಟಿದ್ದೇನೆ.