ಕಾಡಿಗೆ ಬಿದ್ದ ಜೋಳ

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಆದರೂ ಗಂಧಕದ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಈ ಸಲವೂ ಸೊಸೆ ಸಿರವಾರದಿಂದ ಗಂಧಕದ ಪುಡಿ ತಂದು, ಪಡಸಾಲೆಯಲ್ಲಿ ಕೂತು, ರೋಗ ಹತ್ತದಿರಲೆಂದು ಬಿತ್ತುವ ಜೋಳಕ್ಕೆ ಕಲಸುತ್ತಿದ್ದಳು. ಒಂದು ಹಿಡಿ ಪುಡಿ. ಅಷ್ಟಿದ್ದಿದ್ದರೆ ನಮ್ಮವ್ವ ಮನೆ ಬಿಡುತ್ತಿರಲಿಲ್ಲ.

ದೇವದುರ್ಗದ ಕಡೆ ನಮ್ಮದು ಎರೆಹೊಲ, ಬಿಳಿಜೋಳ. ನಾನು ಹುಟ್ಟಿದ ಆ ಮನೆ ಈಗಿಲ್ಲ, ಅದರ ಕಲ್ಲುಗಳನ್ನು ಯಾರ್ಯಾರೋ ಒಯ್ದರು. ಅಲ್ಲಿ ಅಪ್ಪನ ತಾಯಿ, ನಮ್ಮಜ್ಜಿಯ ಮಾತೇ ಮಾತು. ಒಂದು ವರ್ಷ ಅಲ್ಲೊಂದು ಇಲ್ಲೊಂದು ತೆನೆಗೆ ಕಾಡಿಗೆ ರೋಗ ಬಿತ್ತು. ಕಾಳಿನ ಜಾಗದಲ್ಲಿ ಬೂದಿ ಬಣ್ಣದ ಸಣ್ಣ ಚೀಲ, ಚಿವುಟಿದರೆ ಒಳಗೆ ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಕರೀ ಪುಡಿ. ರಾಶಿಯ ಹೊತ್ತಿಗೆ ಅವ್ವ ಅಂಥ ತೆನೆಗಳನ್ನು ಆರಿಸಿ ಬೇರೆ ಇಡತೊಡಗಿದಳು. "ಇವನ್ನ ಬೀಜದ ಕೂಡ ಬಡಿಯೋದು ಬ್ಯಾಡ್ರಿ ಅತ್ತಿ, ಸುಟ್ಟುಬಿಡೋಣು" ಅಂದಳು. "ಅರ್ಧ ತೆನ್ಯಾಗ ಕಾಳದಾವ. ಸುಡಾಕ ನಿಮ್ಮಪ್ಪ ಬಿತ್ಯಾನೇನು?" ಎಂದು ಅಜ್ಜಿ ಎಲ್ಲವನ್ನೂ ಒಂದೇ ಕಡೆ ಸುರಿದು ಬಡಿಸಿದಳು. ಆ ಪುಡಿ ಬೀಜಕ್ಕೆಲ್ಲ ಮೆತ್ತಿತು.

ಮುಂದಿನ ವರ್ಷ ಪೈರು ಆಳೆತ್ತರ ಬಂತು, ನೋಡಿದವರು ಹೊಗಳಿದರು. ತೆನೆ ಬಿಚ್ಚಿದಾಗ ಅರ್ಧ ಹೊಲ ಕರಿ. ಆ ಕರೀ ಪುಡಿ ಒಂದು ತರದ ಬೂಷ್ಟು, ಬೀಜದ ಜೊತೆಗೇ ಮೊಳೆತು, ದಂಟಿನೊಳಗೆ ಅಡಗಿ ಬೆಳೆದು, ಪೈರಿನ ಅನ್ನವನ್ನೇ ಉಂಡು, ಕಾಳು ಕಟ್ಟುವಾಗ ಕಾಳಿನ ಜಾಗ ಹಿಡಿಯುತ್ತದಂತೆ. ಇದು ಸೊಸೆ ಹೇಳಿದ್ದು. "ಎಲ್ಲಾ ಬೂಷ್ಟು ಕೆಟ್ಟದ್ದಲ್ರಿ ಅತ್ತಿ. ಬೇರಿಗೆ ಹತ್ತೋದು ಒಂದು ಬ್ಯಾರೆ ಅದ, ಕಣ್ಣಿಗೆ ಕಾಣಂಗಿಲ್ಲ. ದೂರದ ಸಾರ ತಂದು ಬೇರಿಗೆ ಕೊಡ್ತದ, ತನಗ ಬೇಕಾದಷ್ಟು ಉಣ್ತದ" ಅಂದಳು. ನಮ್ಮ ಮನೆಯಲ್ಲೂ ಎರಡೂ ತರದವರಿದ್ದರು. ಯಾರು ಯಾವುದೆಂದು ನೋಡುವ ಕಣ್ಣು ಯಾರಿಗೂ ಇರಲಿಲ್ಲ.

ಅಜ್ಜಿಗೆ ತಪ್ಪು ಹೊರಿಸಲು ಒಂದು ತಲೆ ಬೇಕಿತ್ತು. ಅಪ್ಪನೆದುರು ನನ್ನನ್ನು ನಿಲ್ಲಿಸಿ, ಗಲ್ಲ ಹಿಡಿದು ಕೇಳಿದಳು. "ಖರೇ ಹೇಳ, ಯವ್ವಾ. ನಿಮ್ಮವ್ವ ಮುಟ್ಟಾದಾಗ ಹೊಲದಾಗ ಕಾಲಿಟ್ಟಿದ್ಳೋ ಇಲ್ಲೋ?" ಇಟ್ಟಿದ್ದಳು. ಹಾವು ಕಂಡು ನಾನು ಚೀರಿದಾಗ ನನ್ನನ್ನು ಎತ್ತಿಕೊಳ್ಳಲು ಓಡಿಬಂದಿದ್ದಳು. ಆ ಅರ್ಧ ಮಾತು ನಾನು ಹೇಳಲಿಲ್ಲ. "ಹ್ಞೂ" ಅಂದೆ. "ಕೇಳಿದೇನಪಾ? ಬೆಳಿ ಕರ್ರಗಾಗದ ಮತ್ತೇನಾಗ್ತದ?" ಎಂದು ಅಜ್ಜಿ ಮಗನ ಕಡೆ ತಿರುಗಿದಳು. ಅಪ್ಪ ಎತ್ತಿನ ಹಗ್ಗ ಬಿಚ್ಚಲು ಎದ್ದ. "ಹೊಲಕ್ಕಲ್ರಿ, ಮಗಳ ಕಡೆ ಓಡಿದ್ದೆ" ಎಂದು ಅವ್ವ ಒಂದೇ ಮಾತು ಆಡಿದಳು. ಸಂಜೆಯೊಳಗೆ ಅವಳನ್ನು ನೀರಮಾನ್ವಿಯ ತವರಿಗೆ ಗಾಡಿ ಹತ್ತಿಸಿದರು. ಮತ್ತೆ ಕರೆಸಲಿಲ್ಲ, ನನ್ನ ಮದುವೆಗೂ. ಅಜ್ಜಿ ಸತ್ತಾಗ ನಾನು ಅಳಲಿಲ್ಲ. ಅಪ್ಪ ಸತ್ತಾಗ ಊರವರು ನೋಡುತ್ತಾರೆಂದು ಅತ್ತೆ.

ಅವ್ವ ಹೋದ ಮರುದಿನ ಬೆಳಿಗ್ಗೆ ಎದ್ದು, ಅವಳು ಕೂಡುತ್ತಿದ್ದ ಮಣೆಯ ಮೇಲೆ ಕೂತು ರೊಟ್ಟಿ ಬಡಿದೆ. "ಅವ್ವನಕಿಂತ ತೆಳ್ಳಗ ಬಡೀತಾಳ" ಎಂದಳು ಅಜ್ಜಿ. ನನಗೆ ಹಿಗ್ಗಾಯಿತು. ಅಪ್ಪನಿಗೆ ಇನ್ನೊಂದು ರೊಟ್ಟಿ ಹಾಕಿದೆ.