ಬೆಟ್ಟ ಹತ್ತುವ ಮರಗಳ ಸತುರ್ನಿನಾ

ಬೆಳಗಿನ ಮಂಜು ಇನ್ನೂ ಕಣಿವೆ ಬಿಟ್ಟಿಲ್ಲ. ಪಾಚಿ ಹೊದ್ದ ಮರವೊಂದನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಸತುರ್ನಿನಾ ವಾಲ್ಪಾ ಅಳತೆಪಟ್ಟಿಯ ತುದಿಗಾಗಿ ತಡಕಾಡುತ್ತಿದ್ದಾರೆ. ಸಿಕ್ಕಿತು. "ನಾಲ್ಕು ವರ್ಷಕ್ಕೆ ಒಂದು ಬೆರಳು ದಪ್ಪ ಆಗಿದಾನೆ, ಸೋಮಾರಿ!" ಎಂದು ಮರದ ಬೆನ್ನು ತಟ್ಟುತ್ತಾರೆ.

ಪೆರುವಿನ ಈ ಇಳಿಜಾರು ಕಾಡಿನಲ್ಲಿ ಅವರು ಅಳೆಯುವ ಮರಗಳು ಸಾವಿರದ ನೂರು, ದಿನಕ್ಕೆ ಅರವತ್ತು. ಇಪ್ಪತ್ತೆರಡು ವರ್ಷದ ಹಿಂದೆ ಸಂಶೋಧಕರ ತಂಡಕ್ಕೆ ಅಡುಗೆಗೆಂದು ಬಂದವರು. ಓದು ಬಾರದು. ಆದರೆ ತಂಡದ ವಿದ್ಯಾರ್ಥಿಗಳು ಪುಸ್ತಕ ಬಿಚ್ಚುವಷ್ಟರಲ್ಲಿ ಎಲೆ ಹೊಸಕಿ, ಮೂಸಿ, ಇಂಥದೇ ಮರ ಎಂದುಬಿಡುತ್ತಿದ್ದರು. ಸಂಶೋಧಕರು ಸೌಟು ಬಿಡಿಸಿ ಅಳತೆಪಟ್ಟಿ ಕೊಟ್ಟರು.

ಮೂರು ವರ್ಷದ ಹಿಂದೆ ಕಾಡಿನ ಮೇಲಂಚಿನಲ್ಲಿ ಗೇಣುದ್ದದ ಸಸಿಯೊಂದು ಬೆಳ್ಳುಳ್ಳಿಯ ವಾಸನೆ ಸೂಸಿತು. ಆ ಜಾತಿಯ ಮರಗಳಿರುವುದು ತೀರ ಕೆಳಗೆ, ಸೆಕೆಯಲ್ಲಿ. "ಇಷ್ಟು ಮೇಲೆ ಅದು ಬರೋದಿಲ್ಲಮ್ಮ," ಎಂದರು ತಂಡದ ಹಿರಿಯರು. ಸತುರ್ನಿನಾ ಒಂದು ದಿನವಿಡೀ ಇಳಿದು, ಮರುದಿನ ಹತ್ತಿ ಬಂದು, ದೊಡ್ಡ ಮರದ ಎಲೆಯನ್ನು ಅವರ ಮೂಗಿಗೆ ಹಿಡಿದರು. ಹಿರಿಯರು ಆ ಸಸಿಗೆ ತಾವು ಬರೆದಿದ್ದ ಬೇರೆ ಹೆಸರನ್ನು ಹೊಡೆದುಹಾಕಿದರು.

"ಕೆಳಗೆ ಬಿಸಿ ಜಾಸ್ತಿ ಆಯ್ತು. ಹಳೇ ಮರ ಪಾಪ ಎಲ್ಲಿಗೆ ಹೋಗ್ತವೆ? ಮಕ್ಕಳು ಮಾತ್ರ ಮೇಲಕ್ಕೆ ಬರ್ತಾವೆ," ಎನ್ನುತ್ತಾರೆ ಅವರು. ಮಂಜು ಸರಿದಾಗ ಕಾಡೇ ಸದ್ದಿಲ್ಲದೆ ಒಂದು ಹೆಜ್ಜೆ ಎತ್ತಿಟ್ಟಂತೆ ಕಾಣುತ್ತದೆ.

ಆದರೆ ಮೇಲೆ ಹುಲ್ಲುಗಾವಲು. ಉಣ್ಣೆಗಾಗಿ ಸಾಕಿದ ತನ್ನ ಅಲ್ಪಾಕಾಗಳಿಗೆ ಹೊಸ ಹುಲ್ಲು ಚಿಗುರಲೆಂದು ಮೈದುನ ಮೆಲಿತೋನ್ ಪ್ರತಿ ಆಗಸ್ಟ್‌ನಲ್ಲಿ ಅದಕ್ಕೆ ಬೆಂಕಿ ಇಡುತ್ತಾನೆ; ಜೊತೆಗೆ ಅಂಚಿನ ಸಸಿಗಳೂ ಸುಟ್ಟುಹೋಗುತ್ತಿದ್ದವು. ಎರಡು ವರ್ಷದ ಹಿಂದೆ ಸತುರ್ನಿನಾ ಬೇಡವೆಂದಾಗ ನಕ್ಕುಬಿಟ್ಟ. "ಅತ್ತಿಗೆ, ನಿಮ್ಮ ಮರಕ್ಕೆ ಕಾಲು ಬಂದಿದ್ರೆ ನನ್ನ ಅಲ್ಪಾಕಾ ಮೇಯಿಸೋಕೆ ಕಳ್ಸಿ! ಸುಡದಿದ್ರೆ ಅವೇನು ಮಣ್ಣು ತಿನ್ಬೇಕಾ?"

"ಕಾಡಿನಂಚಿಂದ ನಲವತ್ತು ಹೆಜ್ಜೆ ಬಿಟ್ಟು ಸುಡು ಮಾರಾಯ. ಅಷ್ಟು ಹುಲ್ಲು ನಾನೇ ಕೊಯ್ದು ತಂದು ಹಾಕ್ತೀನಿ."

ಹಾಕಿದರು. ಅಳತೆ ಮುಗಿಸಿದ ಮೇಲೆ ದಿನಾ ಒಂದು ಹೊರೆ, ಎರಡು ವರ್ಷ. ಈ ಆಗಸ್ಟ್‌ನಲ್ಲಿ ಕುಡುಗೋಲು ಹಿಡಿದು ಹೋದರೆ ಮೆಲಿತೋನ್ ತಾನೇ ಅಲ್ಲಿ ಹುಲ್ಲು ಕೊಯ್ಯುತ್ತಿದ್ದ. ಸುಟ್ಟ ಕರಿ ಗೆರೆ ಅರವತ್ತು ಹೆಜ್ಜೆ ಆಚೆಗಿತ್ತು. ಕೇಳಿದರೆ, "ಗಾಳಿ ಆ ಕಡೆ ಇತ್ತು, ಅಷ್ಟೆ," ಎಂದು ಮುಖ ತಿರುಗಿಸಿದ.

ಸಂಶೋಧಕರ ವರದಿಗಳಲ್ಲಿ ಸತುರ್ನಿನಾರ ಹೆಸರಿಲ್ಲ. ಅದರ ಬಗ್ಗೆ ಕೇಳಿದರೆ ಅವರು ಬೇರೇನನ್ನೋ ಹೇಳುತ್ತಾರೆ: "ಮೊನ್ನೆ ಕಾಡಿನಂಚಲ್ಲಿ ಮಂಡಿಯೂರಿ ಎಣಿಸ್ದೆ. ಹದಿನೇಳು ಸಸಿ. ಒಂದೂ ಬೆಂದಿಲ್ಲ."